ಚಿಗರಿಗೆ ಕಲಿಸಿದ ಮಾತು

ಬಾದಾಮಿ
೧೦ ಜೂನ್ ೨೦೨೪

ಮಹೇಶ್ವರಿಗೆ,

ಇಲ್ಲಿ ಎಲ್ಲಾರೂ ಆರಾಮ ಇದ್ದೇವಿ ಅಂತ ಮೊದಲ ಬರಿ ಅಂದ್ರು ನಿಮ್ಮ ಅಣ್ಣಾರು. ಬರದೇನಿ. ಮುಂದಿಂದೂ ಅವರು ಹೇಳಿದ್ದ. ನಿನ್ನ ಜೋಡಿ ಮಾತು ಬಿಟ್ಟಾರಲ್ಲ, ಅದಕ್ಕ ತಾವು ಬರಿಯೂದಿಲ್ಲಂತ. ಫೋನಿನ್ಯಾಗ ಹೇಳಿದ್ರ ನಾಳೆ ನೀ ಕೇಳೇ ಇಲ್ಲ ಅಂತೀಯಂತ, ಕಾಗದದ ಮ್ಯಾಲ ಇರ್ಲಿ ಅಂದಾರ. ಅವರು ಕುರ್ಚಿ ಮ್ಯಾಲ ಕುಂತು ಹೇಳಾಕತ್ತಾರ, ನಾ ಬರ್ಯಾಕತ್ತೇನಿ.

"ನೀನು ಹುನಗುಂದದ ಗಂಡನ ಮನೆಯನ್ನು ಬಿಟ್ಟು ಬಂದದ್ದನ್ನು ಹೇಗೋ ಸಹಿಸಿಕೊಂಡೆವು. ಈಗ ಬಾಗಲಕೋಟೆಯ ನವನಗರದ ಬಯಲಿನಲ್ಲಿ ಪ್ರತಿ ಭಾನುವಾರ ಸಾಕುನಾಯಿಗಳಿಗೆ ಪಾಠ ಹೇಳುವ ಶಾಲೆಯೊಂದನ್ನು ತೆರೆದಿದ್ದೀಯೆಂದೂ, ಮರ್ಯಾದಸ್ಥ ಮನೆತನಗಳ ಸೊಸೆಯಂದಿರನ್ನು ಅಲ್ಲಿ ಸಾಲಾಗಿ ನಿಲ್ಲಿಸಿ ಗಟ್ಟಿ ದನಿಯಲ್ಲಿ ಕೂಗಿಸುತ್ತೀಯೆಂದೂ ಅಮಾತೆಪ್ಪ ಕಾಕಾ ಅವರಿಂದ ತಿಳಿಯಿತು. ಪ್ರೌಢಶಾಲೆಯ ಶಿಕ್ಷಕನಾದ ನಾನು ಸಭೆ ಸಮಾರಂಭಗಳಲ್ಲಿ ತಲೆ ಎತ್ತಿ ಕುಳಿತುಕೊಳ್ಳುವುದು ಹೇಗೆ? ಈ ತಿಂಗಳ ಕೊನೆಯೊಳಗೆ ಅದನ್ನು ನಿಲ್ಲಿಸತಕ್ಕದ್ದು."

ನಿಲ್ಲಿಸತಕ್ಕದ್ದು ಅನ್ನೂದರ ಕೆಳಗ ಗೆರಿ ಹೊಡಿ ಅಂದ್ರು. ಹೊಡದೇನಿ.

ಈಗ ಜಳಕಕ್ಕ ಹೋಗ್ಯಾರ. ನಂದೊಂದು ಮಾತು ಕೇಳೂದಿತ್ತು. ಮ್ಯಾಳಗಿ ಮ್ಯಾಲ ಹಾಕಿದ ಸಂಡಿಗಿ ಮಂಗ್ಯಾಗೋಳು ಉಳಸೂದಿಲ್ಲಂತ ಹ್ವಾದ ವರ್ಷ ಮುಧೋಳ ನಾಯಿಮರಿ ಒಂದು ತಂದೆವಲ್ಲ, ಚಿಗರಿ, ಅದು ಈಗ ನನ್ನ ಸೊಂಟದ ಎತ್ತರ ಬಂದೈತಿ. ಓಣಿ ಮಂದಿ ಜೋಡಿ ಎಲ್ಲಾ ಚಲೋ ಐತಿ. ಒಬ್ಬರಿಗೆ ಮಾತ್ರ ಗುರ್ರ್ ಅಂತೈತಿ. ಅಂಥಾದ್ದಕ್ಕ ಏನು ಮಾಡಬೇಕು ಹೇಳು. ಬಚ್ಚಲದ ಬಾಗಲಾ ಸಪ್ಪಳಾತು, ಮುಗಸ್ತೇನಿ.

ವೈನಿ, ಸುನಂದಾ


ನವನಗರ, ಬಾಗಲಕೋಟಿ
೧೪ ಜೂನ್ ೨೦೨೪

ವೈನಿ,

ಕಾಗದ ಮುಟ್ಟಿತು. ಪೋಸ್ಟಮನ್ ಎರಡೆರಡು ಸಲ ನನ್ನ ಮಾರಿ ನೋಡಿದ. "ಕೈಲೆ ಬರದ ಕಾಗದ ಕೊಡಲಾರ್ದ ಭಾಳ ದಿನಾ ಆಗಿತ್ರಿ ಅಕ್ಕಾರ" ಅಂದ.

ನಾ ಬರದಿದ್ದು ಅಣ್ಣ ಓದ್ತಾನಂತ ನನಗ ಗೊತ್ತೈತಿ. ಓದ್ಲಿ. ಓದಾಕ ಬ್ಯಾಸರಾದ್ರ ನೀವು ಜೋರ್ಲೆ ಓದಿ ಹೇಳ್ರಿ. ನಿಲ್ಸೂದಿಲ್ಲ. ಅಂವ ಒಂದು ಗೆರಿ ಹೊಡಿಸ್ಯಾನ, ನಾ ಎರಡು ಹೊಡದೇನಿ, ನೋಡ್ರಿ.

ಸೊಸ್ತೇರು ಬಯಲಿಗೆ ಯಾಕ ಬಂದ್ರು ಅನ್ನೂದನ್ನ ಅಮಾತೆಪ್ಪ ಕಾಕಾ ಹೇಳಿರಾಕಿಲ್ಲ. ನಾ ಹೇಳ್ತೇನಿ. ಧಾರವಾಡದಾಗ ಎರಡು ವರ್ಷ ನಾಯಿ ಕಲಸೂ ಕೆಲಸಾ ಕಲ್ತು ಬಂದು ಈ ಸಾಲಿ ತಗದಾಗ ಮೊದಲ ಬಂದೋರು ಬರೇ ಗಂಡಸ್ರು. ಕರೀ ಕನ್ನಡಕ, ಕೈಯಾಗ ಚೈನು. ಇಳಕಲ್ಲಿನ ಕಲ್ಲಿನ ವ್ಯಾಪಾರದವರೊಬ್ಬರು ಕಾರಿನ್ಯಾಗ ಒಂದು ಲ್ಯಾಬ್ರಡಾರ್ ತಂದಿದ್ರು. "ಸಿಟ್! ಸಿಟ್! ಸಿಟ್ ಲೇ ಮಗನ!" ಅಂತ ಗಂಟ್ಲ ಹರಕೊಂಡ್ರು. ನಾಯಿ ಅವರ ಕಡೆ ಹೊಳ್ಳಿ ಸುದ್ದಾ ನೋಡ್ಲಿಲ್ಲ, ಕಾರಿನ ಕಡೆ ಬಾಲಾ ಅಲ್ಲಾಡಸ್ತಿತ್ತು. "ಇದಕ್ಕ ರೊಟ್ಟಿ ಹಾಕೋರು ಯಾರ್ರಿ?" ಅಂದೆ. "ನಮ್ಮ ಮನ್ಯಾಕಿ, ಕಾರಿನ್ಯಾಗ ಕುಂತಾಳ" ಅಂದ್ರು. "ಹಂಗಾರ ಅವರನ್ನ ಇಳಸ್ರಿ, ನೀವು ಕಾರಿನ್ಯಾಗ ಹೋಗಿ ಕೂಡ್ರಿ" ಅಂದೆ. ಮಾರಿ ನೋಡಬೇಕಿತ್ತು ವೈನಿ! ಆ ಹೆಣ್ಮಗಳು ಇಳದು ಬಂದು ಒಂದ ಮಾತು ಅಂದ್ಲು, ನಾಯಿ ಕುಂತ್ಬಿಡ್ತು. ಅವತ್ತಿಂದ ರೊಟ್ಟಿ ಹಾಕೋರು ಬಂದ್ರ ಮಾತ್ರ ನಮ್ಮ ಸಾಲ್ಯಾಗ ಪಾಠ.

ಈಗ ತಸ್ಲೀಮಾ ಬರ್ತಾಳ, ಸಾವಂತ್ರವ್ವ ಅಜ್ಜಿ ಬರ್ತಾಳ, ಇನ್ನೂ ಒಂದು ಹಿಂಡು ಬರ್ತಾರ. ಸಾವಂತ್ರವ್ವ ತನ್ನ ಬಿಳೀ ಪೊಮೇರಿಯನ್ ಮುಂದ ನಿಂತು "ಕೂಡು ನನ್ನಪ್ಪಾ, ಕೂಡು ನನ್ನ ಬಂಗಾರಾ, ಕೂಡೋ ನಿನ್ನ ಕಾಲ ಬೀಳ್ತೇನಿ" ಅಂತಿದ್ಲು. "ಅಜ್ಜೀ, ಒಂದ ಸಲ ಹೇಳ್ರಿ, ನಿಚ್ಚಳ ಹೇಳ್ರಿ, ಸುಮ್ಕ ನಿಂದರ್ರಿ" ಅಂದೆ. "ಒಂದ ಸಲ ಹೇಳಿದ್ರ ನಮ್ಮ ಮನ್ಯಾಗ ಯಾರೂ ಕೇಳಾಂಗಿಲ್ಲವ್ವಾ" ಅಂದ್ಲು ಮುದಕಿ. ಎಲ್ಲಾರೂ ನಕ್ಕೇವಿ. ಈಗ ಆಕಿ ದನಿ ಮೇನ್ ರೋಡಿಗೆ ಕೇಳಸ್ತೈತಿ. ಅಣ್ಣನ ಮರ್ಯಾದಿ ಹೋಗೂದು ಇದ್ರಿಂದ ಅಂದ್ರ ಅದು ಹೋಗೂದ ಚಲೋ.

ಇನ್ನೊಂದು ಅವನಿಗೆ ಕೇಳ್ರಿ. ಬಸವ ಜಯಂತಿ ದಿನಾ ಮೈಕಿನ ಮುಂದ ಹೆಣ್ಣು ಗಂಡು ಸಮಾನ ಅಂತ ತಾಸುಗಟ್ಲೆ ಮಾತಾಡಿ ಶಾಲು ಹೊಚ್ಚಿಸಿಕೊಂಡಾನಲ್ಲ, ಆ ಶಾಲು ಮನ್ಯಾಗ ಎಲ್ಲಿಟ್ಟಾನ?

ಚಿಗರಿ ವಿಚಾರ. ಗುರ್ರ್ ಅಂದದ್ದಕ್ಕ ಬಡೀಬ್ಯಾಡ್ರಿ. ಯಾರಿಗೆ ಅಂತೈತಿ, ಯಾವಾಗ ಅಂತೈತಿ ಬರೀರಿ.

ಮಹೇಶ್ವರಿ


ಬಾದಾಮಿ
೨೪ ಜೂನ್ ೨೦೨೪

ಮಹೇಶ್ವರಿಗೆ,

ನಿನ್ನ ಕಾಗದ ಇವರ ಒಡದು ಓದಿದ್ರು. ಶಾಲಿನ ಮಾತಿಗೆ ಬಂದು ನಿಂತ್ರು. ಊಟಾ ಬ್ಯಾಡ ಅಂದ್ರು. ಆ ಮಾತು ನೀ ಬರೀಬಾರದಿತ್ತು. ಅದರಿಂದ ಮನ್ಯಾಗ ಎರಡು ದಿನಾ ಕಿರಿಕಿರಿ ಆತು. ಇರ್ಲಿ ಬಿಡು, ಅದೆಲ್ಲಾ ಇರೂದ.

"ಹಿರಿಯರನ್ನು ಕರೆದುಕೊಂಡು ನಾನೇ ಬಂದು ನಿಲ್ಲಿಸುತ್ತೇನೆ" ಅಂತ ಬರಿ ಅಂದಾರ.

ಚಿಗರಿ ಗುರ್ರ್ ಅನ್ನೂದು ಇವರಿಗೆನ. ಸಾಲಿಂದ ಬಂದಾಗ ಅಂತೈತಿ. ಅಡಗಿಮನಿಯೊಳಗ ಬಂದಾಗ ಅಂತೈತಿ. ನನ್ನ ಸೀರಿ ಮುಂದ ಬಂದು ಅಡ್ಡ ನಿಲ್ತೈತಿ, ಸರಿ ಅಂದ್ರ ಸರಿಯೂದಿಲ್ಲ. ಇವರಿಗೆ ಸಾಕಾಗೇತಿ. ಇನ್ನೊಂದು ತಿಂಗಳಾಗ ಹಾದಿಗೆ ಬರಲಿಲ್ಲಂದ್ರ ಮಹಾಕೂಟದ ಅಡವಿಗೆ ಒಯ್ದು ಬಿಟ್ಟು ಬರ್ತೇನಿ ಅಂದಾರ. ಅಂದ್ರ ಮಾಡೋರ ಅವರು.

ನನಗ ಅದರ ಮ್ಯಾಲ ಜೀವ ಐತಿ ಮಹೇಶ್ವರಿ. ಹ್ಯಾಂಗರ ಮಾಡಿ ಉಳಿಸಿ ಕೊಡು. ಅವರ ಮಾತೂ ಕೇಳೂಹಂಗ ಏನರ ಕಲಸೂದಿದ್ರ ಬರಿ. ಇವರೂ ಓದ್ತಾರ, ಸರಳ ಬರಿ.

ವೈನಿ


ನವನಗರ
೨೭ ಜೂನ್ ೨೦೨೪

ವೈನಿ,

ಅಡವಿಗೆ ಬಿಡ್ತಾನಂತ! ಅಡವ್ಯಾಗ ಬೆಳದ ಪ್ರಾಣಿ ಏನದು? ಆದ್ರ ನೀವು ಅಂಜಬ್ಯಾಡ್ರಿ. ಇದು ನನ್ನ ಕೆಲಸಾ. ಇಂಥಾವು ನಾ ಎಷ್ಟರ ನೋಡೇನಿ. ಮುಧೋಳ ನಾಯಿ ರೊಟ್ಟಿ ಹಾಕಾಕಿನ್ನ ತನ್ನ ಸ್ವತ್ತು ಅಂತ ತಿಳ್ಕೋತೈತಿ. ಗಂಡ ಹತ್ರ ಬಂದ್ರ ಅದಕ್ಕ ಹೊಟ್ಟಿಕಿಚ್ಚು. ಅದರ ಮ್ಯಾಲ ಅಣ್ಣನ ಆ ಉದ್ದಾನ ಛತ್ರಿ, ಆ ಬೂಟಿನ ಸಪ್ಪಳ! ಅವನ ಗಂಟು ಮಾರಿ ನೋಡಿದ್ರ ನನಗ ಗುರ್ರ್ ಅನಸ್ತೈತಿ, ನಾಯಿದೇನು ತಪ್ಪು?

ಈಗ ಹೇಳಿದಂಗ ಮಾಡ್ರಿ. ಅಡಗಿಮನಿ ಆಚೆ ಒಂದು ಮೂಲ್ಯಾಗ ಗೋಣಿಚೀಲಾ ಹಾಸ್ರಿ. ರೊಟ್ಟಿ ತುಣುಕು ತೋರಿಸಿ ಚಿಗರಿನ್ನ ಅದರ ಮ್ಯಾಲ ಕರೀರಿ. ಕಾಲಿಟ್ಟ ಕೂಡ್ಲೆ "ಮೂಲಿ" ಅನ್ರಿ, ತುಣುಕು ಕೊಡ್ರಿ. ಒಂದ ಸಲ ಅನ್ರಿ. ಅದು ಅಲ್ಲೇ ಕುಂತಷ್ಟು ಹೊತ್ತು ನಡುನಡುವ ಒಂದೊಂದು ತುಣುಕು. ನೀವು ಏಳು ಅನ್ನೂತನ ಏಳಬಾರದು. ಒಂದು ವಾರಕ್ಕ ದೂರ ನಿಂತು ಅಂದ್ರೂ ಹೋಗ್ತೈತಿ.

ಇನ್ನ ಮುಖ್ಯದ್ದು. ನಮ್ಮ ಸಾಲಿ ದೊಡ್ಡ ನಿಯಮ ಇದು, ತಪ್ಪಸಾಂಗಿಲ್ಲ: ಮನಿಮಂದೆಲ್ಲಾ ಒಂದ ಮಾತು ಹೇಳಬೇಕು, ನಾಯಿ ಮನಿಮಂದಿ ಎಲ್ಲಾರದ್ದೂ ಕೇಳಬೇಕು. ನೀವು ಹೇಳಿದ್ರ ಕೇಳಿ ಅಣ್ಣ ಹೇಳಿದ್ರ ಕೇಳದಿದ್ರ ಅದು ಕಲ್ತಂಗಲ್ಲ. ಅದಕ್ಕ ಎರಡನೇ ವಾರದಿಂದ ಅಣ್ಣನ ಕೈಲೆ ಕೊಡಸ್ರಿ ತುಣುಕು. ಅವನ "ಮೂಲಿ" ಅನ್ಲಿ. ಅವನ ದನಿಗೆ ಎದ್ದು ಹೋಗಿ ಕುಂತ್ತಂದ್ರ ಚಿಗರಿ ಪಾಸ್.

ಅಣ್ಣಾ, ನೀ ಓದಾಕತ್ತಿ ಅಂತ ಗೊತ್ತು. ತುಣುಕು ಕೊಡೂವಾಗ ಪಾಠ ಹೇಳೂ ದನಿ ತಗೀಬ್ಯಾಡ. ಮತ್ತ ನಿನ್ನ ಹಿರಿಯರನ್ನ ಧಾರಾಳ ಕರ್ಕೊಂಡು ಬಾ. ಬರೂವಾಗ ಮನ್ಯಾಗ ನಾಯಿ ಇದ್ದೋರು ನಾಯಿ ತರ್ಲಿ, ರೊಟ್ಟಿ ಹಾಕೋರನ್ನೂ ತರ್ಲಿ.

ಮಹೇಶ್ವರಿ


ಬಾದಾಮಿ
೨೦ ಜುಲೈ ೨೦೨೪

ಮಹೇಶ್ವರಿಗೆ,

ಅಕ್ಷರ ಸೊಟ್ಟ ಬಿದ್ದಾವ, ಸಮಾಳಿಸಿ ಓದು. ಬಚ್ಚಲದಾಗ ಜಾರಿ ಬಿದ್ದು ಬಲಗೈ ಮಣಿಕಟ್ಟು ಉಳುಕೇತಿ.

ನೀ ಬರದಂಗ ಮಾಡಿದ್ವಿ. ಚಿಗರಿ ಲಗೂನ ಕಲ್ತು. ಈಗ ಇವರು ಮೂಲಿ ಅಂದ್ರ ಎಲ್ಲಿದ್ರೂ ಎದ್ದು ಹೋಗಿ ಚೀಲದ ಮ್ಯಾಲ ಕೂಡ್ತೈತಿ. ಏಳು ಅನ್ನೂತನ ಏಳೂದಿಲ್ಲ. ಇವರಿಗೆ ಭಾಳ ಖುಷಿ ಆಗೇತಿ. ನನ್ನ ತಂಗಿ ಸಾಲ್ಯಾಗ ಒಂದರ ಉಪಯೋಗದ್ದು ಕಲಸ್ತಾಳ ಬಿಡು ಅಂತ ಅವರ ತಮ್ಮಷ್ಟಕ್ಕ ತಾವ ಅಂದ್ಕೊಂಡ್ರು.

ಅಡವಿ ಮಾತು ಈಗ ಇಲ್ಲ. ಚಿಗರಿ ಉಳೀತು. ಅಷ್ಟ ಸಾಕು.

ವೈನಿ


ನವನಗರ
೨೫ ಜುಲೈ ೨೦೨೪

ವೈನಿ,

ನಿಮ್ಮ ಕಾಗದ ಓದಿ ನಾ ಕುಣದಿಲ್ಲ ಅಷ್ಟ! ಭಾನುವಾರ ಎಲ್ಲಾರನ್ನೂ ಸುತ್ತ ನಿಂದರಿಸಿ ಜೋರ್ಲೆ ಓದಿದೆ. "ನೋಡ್ರಿ, ನಮ್ಮ ವೈನಿ ಬಾದಾಮ್ಯಾಗ ಕುಂತು ಬರೇ ಕಾಗದ ನೋಡಿ ಕಲಸ್ಯಾರ. ನೀವು ವಾರಾ ವಾರಾ ಬಂದು ಒದ್ದಾಡತೀರಿ" ಅಂದೆ. ಸಾವಂತ್ರವ್ವ ಚಪ್ಪಾಳಿ ಹೊಡದ್ಲು. ತಸ್ಲೀಮಾ ಒಬ್ಬಾಕಿ ಹೊಡೀಲಿಲ್ಲ. ಆಮ್ಯಾಲ ಬಂದು "ಅಕ್ಕಾ, ಆ ನಾಯಿ ಮೊದಲ ಗುರ್ರ್ ಅಂತಿದ್ದದ್ದು ಯಾಕಂತ ಕೇಳಿದ್ರೇನ್ರಿ?" ಅಂದ್ಲು. "ಹೊಟ್ಟಿಕಿಚ್ಚಿಗೆ" ಅಂದೆ. ಆಕಿ ತನ್ನ ನಾಯಿ ಚೈನು ಸುತ್ತಿಕೊಂಡು ಹ್ವಾದ್ಲು. ಆಕಿಗೆ ಎಲ್ಲಾದ್ರಾಗೂ ಸಂಶೆ.

ಇಲ್ಲಿ ರಗಳಿ ನಡದೈತಿ. ಹ್ವಾದ ವಾರ ನಾಕೈದು ಮಂದಿ ಗಂಡಸ್ರು ಬಯಲಿಗೆ ಬಂದು "ನಮ್ಮ ಮನ್ಯಾಗ ಹೆಂಗಸ್ರ ದನಿ ದೊಡ್ಡದಾಗೇತಿ. ನಿನ್ನೆ ಚಾ ಬೇಡಿದ್ರ ಒಂದ ಸಲ 'ತಡಿ' ಅಂದು ಹೊಳ್ಳಿ ನೋಡ್ಲಿಲ್ಲ. ಏನ್ ಕಲಸ್ತೀರಿ ನೀವು?" ಅಂದ್ರು. "ನಾಯಿಗೆ ಕಲಸೂದ ಕಲಸೇನಿ. ನೀವು ತಡದ್ರೋ ಇಲ್ಲೋ?" ಅಂದೆ. ವಾದಾ ಮಾಡ್ಕೋತ ನಿಂತಿದ್ರು. ಸಾವಂತ್ರವ್ವ ಬಂದು ತನ್ನ ಮಗಗ "ನಡಿ ಮನಿಗೆ" ಅಂದ್ಲು, ಒಂದ ಸಲ. ಹ್ವಾದ. ಉಳದೋರೂ ಹ್ವಾದ್ರು.

ಕೈಗೆ ಅರಿಷಿಣ ಬಿಸಿ ಮಾಡಿ ಕಟ್ರಿ. ಆ ಬಚ್ಚಲದ ನುಣುಪು ಕಲ್ಲು ತಗಸಿ ಒರಟು ಕಲ್ಲು ಹಾಕ್ಸಂತ ಅಣ್ಣಗ ಹೇಳ್ರಿ, ಕಾಲಾಗ ಜೀವಾ ಇಟ್ಕೊಂಡು ನಡೀರಿ. ಮುಂದಿನ ಪಾಠ ಬೇಕಂದ್ರ ಬರೀರಿ.

ಮಹೇಶ್ವರಿ


ಬಾದಾಮಿ
೧೯ ಆಗಸ್ಟ್ ೨೦೨೪

ಮಹೇಶ್ವರಿ,

ಇದನ್ನ ನನ್ನ ಗೆಳತಿ ಮಕ್ತುಮಬಿಯ ಬಳಿ ಮಾರೂ ಅಂಗಡ್ಯಾಗ ಕುಂತು ಬರ್ಯಾಕತ್ತೇನಿ. ಇವರಿಗೆ ಗೊತ್ತಿಲ್ಲ. ಇನ್ನ ಮ್ಯಾಲ ನನಗ ಬರಿಯೂದು ಮಕ್ತುಮಬಿ ಹೆಸರಿಗೆ ಬರಿ, ಮನಿಗೆ ಬರೀಬ್ಯಾಡ.

ನಾ ಬಚ್ಚಲದಾಗ ಜಾರಿ ಬಿದ್ದಿಲ್ಲ. ನಾ ಎಂದೂ ಎಲ್ಲೂ ಜಾರಿ ಬಿದ್ದಿಲ್ಲ. ಮದುವ್ಯಾದ ಎರಡನೇ ವರ್ಷದಿಂದ ನಿಮ್ಮ ಅಣ್ಣಾರು ನನ್ನ ಮ್ಯಾಲ ಕೈ ಮಾಡ್ತಾರ. ಸಭಾದಾಗ ಯಾರರ ಒಂದು ಮಾತು ಅಂದ್ರ ಮನಿಗೆ ಬಂದು ಮಾಡ್ತಾರ. ನಿನ್ನ ಶಾಲಿನ ಮಾತು ಓದಿದ ದಿನಾನೂ ಕೈ ಎತ್ತಿದ್ರು, ಚಿಗರಿ ಅಡ್ಡ ಬಂತು. ನಿನಗ ಹೇಳಿದ್ರ ನೀ ಬೆಂಕಿ ಹಚ್ಚತಿ, ಆಮ್ಯಾಲ ಅದರಾಗ ಇರಬೇಕಾದಾಕಿ ನಾ, ಅಂತ ಹೇಳಿರಲಿಲ್ಲ.

ಚಿಗರಿ ಬೆಳದು ದೊಡ್ಡದಾದ ಮ್ಯಾಲ ನಿಂತಿತ್ತು. ಇವರು ಕೈ ಎತ್ತಿದ್ರ ಅದು ಬಂದು ನಡುವ ನಿಲ್ತಿತ್ತು. ಕಡದಿಲ್ಲ ಒಮ್ಮೇನೂ. ನಿಂತು ಹಲ್ಲು ತೋರಸ್ತಿತ್ತು ಅಷ್ಟ. ಇವರು ಕೈ ಇಳಸ್ತಿದ್ರು. ಲಗ್ನಾದ ಮ್ಯಾಲ ನಾ ಆರಾಮ ನಿದ್ದಿ ಮಾಡಿದ್ದು ಆ ಕೆಲವು ತಿಂಗಳ ಮಾತ್ರ. ಅದನ್ನ ಅಡವಿಗೆ ಬಿಡ್ತೇನಿ ಅಂದಾಗ ನಿನಗ ಬರದೆ.

ಈಗ ಏನಾಗ್ತೈತಿ ಹೇಳ್ಲಿ? ಅವರು ಮೊದಲ "ಮೂಲಿ" ಅಂತಾರ. ಒಂದ ಸಲ ಅಂತಾರ, ನೀ ಬರದಂಗ, ನಿಚ್ಚಳ. ಚಿಗರಿ ಹೋಗಿ ಚೀಲದ ಮ್ಯಾಲ ಕೂಡ್ತೈತಿ. ಆಮ್ಯಾಲ ನನ್ನ ಹತ್ರ ಬರ್ತಾರ. ಅದು ಅಲ್ಲಿಂದ ನನ್ನ ನೋಡ್ತೈತಿ, ಮೈಯೆಲ್ಲಾ ನಡಗ್ತೈತಿ, ಕುಂಯ್ ಕುಂಯ್ ಅಂತೈತಿ, ಆದ್ರ ಏಳೂದಿಲ್ಲ. ಭಾಳ ಚಲೋ ಕಲ್ತೈತಿ ಅದು. ಎಲ್ಲಾ ಮುಗದ ಮ್ಯಾಲ ಅವರು "ಏಳು" ಅಂತಾರ, ಅದಕ್ಕ ಒಂದು ತುಣುಕು ರೊಟ್ಟಿ ಕೊಡ್ತಾರ.

ಆ ಕಾಗದಾನ ನೀ ಬಯಲಿನ್ಯಾಗ ಎಲ್ಲಾರ ಮುಂದ ಓದಿದ್ಯಂತ, ಚಪ್ಪಾಳಿ ಹೊಡದ್ರಂತ. ನಾ ಅದನ್ನ ಓದಿ ಅಳ್ಲಿಲ್ಲ. ನನಗ ಸಿಟ್ಟು ಬಂತು. ನಿನ್ನ ಮ್ಯಾಲ ಬಂತು, ನನ್ನ ಮ್ಯಾಲ ಅದಕ್ಕೂ ಹೆಚ್ಚು ಬಂತು. ಅಷ್ಟು ಸಿಟ್ಟು ನನ್ನೊಳಗ ಐತಿ ಅಂತ ನನಗ ಗೊತ್ತಿರಲಿಲ್ಲ.

ಸೆಪ್ಟೆಂಬರ್ ಹದಿನೈದನೇ ತಾರೀಕು ಭಾನುವಾರ ಅಮಾತೆಪ್ಪ ಕಾಕಾನ್ನ ಮುಂದ ಮಾಡ್ಕೊಂಡು ನಿನ್ನ ಸಾಲಿ ಮುಚ್ಚಸಾಕ ಬರ್ತಾರ. ತಿಳದಿರ್ಲಿ ಅಂತ ಬರದೆ.

ಸುನಂದಾ


ನವನಗರ
೨೨ ಆಗಸ್ಟ್ ೨೦೨೪

ವೈನಿ,

ನಿನ್ನೆ ಕಾಗದ ಕೈಗೆ ಬಂದ ಕೂಡ್ಲೆ ಸಿಕ್ಕ ಬಸ್ ಹತ್ತಿ ಬಾದಾಮಿಗೆ ಬಂದೆ. ಬಳಿ ಅಂಗಡಿ ತನಕಾ ಬಂದೆ. ಅಲ್ಲಿಂದ ಮಕ್ತುಮಬಿನ್ನ ನಿಮ್ಮ ಕಡೆ ಕಳಿಸಿದೆ. "ಇವತ್ತ ಆಕಿ ಮನಿ ಹೊಸ್ತಿಲಾ ತುಳಿದ್ರ ನಾಳೆ ಅದರ ಬಾಕಿ ನನ್ನ ಮೈಮ್ಯಾಲ ತೀರ್ತೈತಿ, ನಾ ಹೇಳೂತನ ಬರಬ್ಯಾಡ ಅನ್ನು" ಅಂತ ಹೇಳಿ ಕಳಿಸಿದ್ರಿ. ಪೊಲೀಸರಿಗೆ ಫೋನ್ ಹಚ್ಚತೇನಿ ಅಂದ್ರ ಮಕ್ತುಮಬಿ ನನ್ನ ಕೈ ಹಿಡದ್ಲು. ಅಂಗಡಿ ಮೆಟ್ಟಲದ ಮ್ಯಾಲ ಕುಂತು ಅತ್ತು ಹೊಳ್ಳಿ ಬಂದೆ.

ತಸ್ಲೀಮಾ ಕೇಳಿದ್ಲು, ನಾ ಕೇಳಲಿಲ್ಲ. ಯಾಕ ಗುರ್ರ್ ಅಂತೈತಿ ಅಂತ ಮೊದಲ ಕೇಳಬೇಕು ಅಂತ ಎಲ್ಲಾರಿಗೂ ಹೇಳಾಕಿ ನಾ. ನನ್ನ ಅಣ್ಣನ ಮನಿ ಅಂದ ಕೂಡ್ಲೆ ಛತ್ರಿ, ಬೂಟು ಅಂತ ಚೇಷ್ಟಿ ಮಾಡ್ಕೋತ ಕುಂತೆ. ಹುನಗುಂದದಾಗ ನಾ ಉಂಡಿದ್ದು ಇದ ಅಲ್ಲೇನು ವೈನಿ? ನನಗರ ತಿಳೀಬೇಕಿತ್ತು.

ಸಾಲಿ ಮುಚ್ಚತೇನಿ. ಅಣ್ಣಗ ಅಂಜಿ ಅಲ್ಲ. ನನ್ನ ಮ್ಯಾಲ ನನಗ ನಂಬಿಕಿ ಹೋಗೇತಿ. ಇನ್ನೂ ಯಾರ್ಯಾರ ಮನ್ಯಾಗ ಯಾವ್ಯಾವ ನಾಯಿನ್ನ ಮೂಲ್ಯಾಗ ಕುಂದರಿಸೇನೋ ಯಾರಿಗೆ ಗೊತ್ತು. ಹದಿನೈದಕ್ಕ ಅವರು ಬರೂದರೊಳಗ ನಾನ ನಿಲ್ಲಸಿಬಿಡ್ತೇನಿ, ನಿಮ್ಮ ಮ್ಯಾಲ ಸಿಟ್ಟು ತೀರಿಸ್ಕೊಳ್ಳಾಕ ಅವನಿಗೊಂದು ನೆಪಾ ಕಡಿಮಿ ಆಗ್ತೈತಿ.

ನನ್ನ ಮನ್ಯಾಗ ಎರಡು ಖೋಲಿ ಅದಾವ. ಹೂಂ ಅನ್ರಿ ಸಾಕು. ಚಿಗರಿನ್ನೂ ಕರ್ಕೊಂಡು ಬರ್ತೇನಿ.

ಮಹೇಶ್ವರಿ


ಬಾದಾಮಿ
೧೧ ಸೆಪ್ಟೆಂಬರ್ ೨೦೨೪

ಮಹೇಶ್ವರಿ,

ಇದನ್ನ ಮನ್ಯಾಗ ಕುಂತು ಬರ್ಯಾಕತ್ತೇನಿ, ಪಡಸಾಲಿ ಕುರ್ಚಿ ಮ್ಯಾಲ. ಚಿಗರಿ ಕಾಲಾಗ ಮಲಗೇತಿ. ನಿಮ್ಮಣ್ಣ ತುಳಸಿಗೇರಿಗೆ ಸ್ವಾದರಮಾವನ ಮನಿಗೆ ಹೋಗ್ಯಾನ. ಯಾಕಂತ ಮುಂದ ಹೇಳ್ತೇನಿ.

ನೀ ಅತ್ತು ಹೊಳ್ಳಿ ಹೋದ ದಿನಾ ನಾ ಚಿಗರಿನ್ನ ನೋಡ್ಕೋತ ಕುಂತೆ. ಕಲಸಿದ್ದು ಯಾರು? ರೊಟ್ಟಿ ಹಾಕಾಕಿ. ರೊಟ್ಟಿ ಈಗೂ ನನ್ನ ಕೈಯಾಗ ಐತಿ. ಹಂಗಾರ ಹೊಳ್ಳಿ ಕಲಸೂದೂ ನನ್ನ ಕೈಯಾಗ ಐತಿ ಅನಸ್ತು. ನಿನ್ನ ಕೇಳಲಿಲ್ಲ. ಕೇಳಿದ್ರ ನೀ ಇನ್ನೊಂದು ನಿಯಮ ಹೇಳ್ತಿದ್ದಿ.

ನಿಮ್ಮಣ್ಣ ಸಾಲಿಗೆ ಹೋದ ಮ್ಯಾಲ ಮಕ್ತುಮಬಿ ಬರ್ತಿದ್ಲು. ಅವನ ಅಂಗಿ ಹಾಕ್ಕೊಂಡು, ಅವನ ಬೂಟಿನ್ಯಾಗ ಕಾಲು ತುರುಕಿಕೊಂಡು ಅಡಗಿಮನಿ ಬಾಗಲದಾಗ ನಿಲ್ತಿದ್ಲು. ದನಿ ದಪ್ಪ ಮಾಡಿ "ಮೂಲಿ" ಅಂತಿದ್ಲು, ನನ್ನ ಮ್ಯಾಲ ಕೈ ಎತ್ತತಿದ್ಲು. ಚಿಗರಿ ಚೀಲದ ಕಡೆ ಹೊಂಟ್ರ ನಾ ಬೆಣ್ಣಿ ಹಚ್ಚಿದ ರೊಟ್ಟಿ ತೋರಿಸಿ ನನ್ನ ಮುಂದ ಕರೀತಿದ್ದೆ. ಮುಂದ ಬಂದು ನಿಂತ್ರ ರೊಟ್ಟಿ. ಚೀಲದ ಮ್ಯಾಲ ಕುಂತ್ರ ಏನೂ ಇಲ್ಲ. ಮೊದಲ ದಿನಾ ಪಾಪ ಅದರ ತಲಿ ಕೆಟ್ಟು ಹೋತು, ಅತ್ತಾಗ ಒಂದು ಹೆಜ್ಜಿ ಇತ್ತಾಗ ಒಂದು ಹೆಜ್ಜಿ. ಆಮ್ಯಾಲ ತಿಳೀತು. ಮೂಲಿ ಅಂದ್ರ ಬಂದು ನನ್ನ ಮುಂದ ನಿಂದರೂದು ಅಂತ ತಿಳೀತು. ಮಕ್ತುಮಬಿ ಆ ಬೂಟಿನ್ಯಾಗ ಎಡವಿ ಬಿದ್ದು ನಕ್ಕದ್ದು ನಕ್ಕದ್ದ. ನಾನೂ ನಕ್ಕೆ ಮಹೇಶ್ವರಿ, ಅದ ಅಡಗಿಮನ್ಯಾಗ. ಆ ದಿನಗಳಾಗ ನಿಮ್ಮಣ್ಣಗ ಕೈ ಎತ್ತಾಕ ಒಂದು ಸಂದು ಸುದ್ದ ಕೊಡ್ಲಿಲ್ಲ. ಹೂಂ ಅಂದಲ್ಲೆ ಹೂಂ, ಉಪ್ಪು ಅಂದಲ್ಲೆ ಉಪ್ಪು.

ಸೋಮವಾರ ಸಂಜೀಕ ಅಮಾತೆಪ್ಪ ಕಾಕಾ ಮತ್ತ ಇನ್ನಿಬ್ಬರು ಹಿರಿಯರು ಬಂದು ಪಡಸಾಲ್ಯಾಗ ಕುಂತ್ರು, ಬಾಗಲಕೋಟಿಗೆ ಬಂದು ನಿನಗ ಏನೇನು ಅನ್ನಬೇಕು ಅಂತ ಮಾತಾಡಾಕ. ಹಾಲು ಒಡೀತು. ಬ್ಯಾರೆ ಹಾಲು ತರೂದರೊಳಗ ಚಾ ತಡಾ ಆತು. ನಿಮ್ಮಣ್ಣ ಎದ್ದು ಒಳಗ ಬಂದ. ಹಲ್ಲು ಕಡದು ಮೆತ್ತಗ "ಮೂಲಿ" ಅಂದ.

ಚಿಗರಿ ಬಂದು ನನ್ನ ಮುಂದ ನಿಂತು.

ಅವನಿಗೆ ತಿಳೀಲಿಲ್ಲ. ಇನ್ನೊಮ್ಮೆ ಅಂದ, ಸ್ವಲ್ಪ ಜೋರ್ಲೆ. ಅದು ಒಂದು ಹೆಜ್ಜಿ ಮುಂದ ಹೋಗಿ ಹಲ್ಲು ತಗೀತು. "ಮೂಲಿ! ಮೂಲಿ! ಮೂಲಿ ಅಂದ್ರ ಕೇಳೂದಿಲ್ಲೇನಲೇ!" ಅಂತ ಒದರಾಕ ಹತ್ತಿದ. ಅಂದಷ್ಟೂ ಅದು ಅವನ ಮ್ಯಾಲ ಹೊಂಟಿತ್ತು. ಎತ್ತಿದ ಕೈ ಇಳಸೂದು ಮರತು ಹಿಂದ ಹಿಂದ ಸರೀತಾ ಗ್ವಾಡಿಗೆ ಹತ್ತಿದ. ಸಪ್ಪಳಕ್ಕ ಹಿರಿಯರು ಅಡಗಿಮನಿ ಬಾಗಲಕ್ಕ ಬಂದ್ರು. ಅವನ ಕೈ ಇನ್ನೂ ಮ್ಯಾಲ ಇತ್ತು.

"ನಾಯಿಗೆ ಹುಚ್ಚು ಹಿಡದೈತಿ ಕಾಕಾ, ಮುನ್ಸಿಪಾಲಿಟಿಯವರನ್ನ ಕರೀರಿ" ಅಂದ. ಆಗ ನಾ ಬಾಯಿ ತಗದೆ. ನಿನಗ ಗೊತ್ತೈತಲ್ಲ, ನಾ ಗುಳೇದಗುಡ್ಡದ ನೇಕಾರರ ಮನಿ ಮಗಳು. ಮನಿತುಂಬ ಮಗ್ಗ. ಮಗ್ಗದ ಸಪ್ಪಳದಾಗ ಕೇಳಬೇಕಂದ್ರ ಜೋರ್ಲೇನ ಮಾತಾಡಬೇಕು, ನಮ್ಮವ್ವ ನಮ್ಮಜ್ಜಿ ಎಲ್ಲಾರದ್ದೂ ಅಂಥಾ ದನಿ. ಲಗ್ನಾಗಿ ಬಂದ ವಾರದಾಗ ಈ ಮನ್ಯಾಗ ಆ ದನಿ ತಗೀಬ್ಯಾಡ ಅಂದಿದ್ರು. ಸೋಮವಾರ ತಗದೆ. "ಹುಚ್ಚು ಹಿಡದಿಲ್ರಿ ಕಾಕಾ. ಇವರು ನನ್ನ ಬಡೀತಾರ, ಅದು ಬಿಡಸ್ತೈತಿ" ಅಂದೆ. ಎಂದಿನಿಂದ, ಯಾವ ಯಾವ ಕಾರಣಕ್ಕ, ಮಣಿಕಟ್ಟು ಹ್ಯಾಂಗ ಉಳುಕಿತು, ಎಲ್ಲಾ ಹೇಳಿದೆ. ಓಣಿ ಮಂದಿ ಕಿಡಕ್ಯಾಗ ಬಂದು ನಿಂತ್ರು. ಇರ್ಲಿ ಅಂತ ಇನ್ನೂ ಜೋರ್ಲೆ ಹೇಳಿದೆ.

ಅಮಾತೆಪ್ಪ ಕಾಕಾ ನೆಲಾ ನೋಡ್ಕೋತ "ತಂಗೀ, ನೀ ಒಳಗ ಹೋಗವಾ" ಅಂದ.

"ನಾ ಒಳಗ ಇದ್ದೇನ್ರಿ ಕಾಕಾ. ಇದು ಅಡಗಿಮನಿ. ಇನ್ನೆಷ್ಟು ಒಳಗ ಹೋಗ್ಲಿ?" ಅಂದೆ.

ಆ ಮನಶ್ಯಾ ಟೊಪ್ಪಿಗಿ ತಗೊಂಡು ಹ್ವಾದ. ಉಳದವರೂ ಚಾ ಕುಡೀಲಾರ್ದ ಹ್ವಾದ್ರು. ನಿಮ್ಮಣ್ಣ ಹೊತ್ತು ಮುಣಗೂದರೊಳಗ ಚೀಲಾ ಹಿಡಕೊಂಡು ತುಳಸಿಗೇರಿ ಬಸ್ ಹತ್ತಿದ. ನಿನ್ನೆ ನಾನೂ ಮಕ್ತುಮಬಿನೂ ಠಾಣೆಕ್ಕ ಹೋಗಿ ಎಲ್ಲಾ ಬರದು ಕೊಟ್ಟು ಬಂದೇವಿ. ನಾಳೆ ಅಂವ ಏನು ಮಾಡ್ತಾನೋ ನನಗ ಗೊತ್ತಿಲ್ಲ. ಅಂಜಿಕಿ ಇಲ್ಲ ಅಂತ ಸುಳ್ಳು ಹೇಳೂದಿಲ್ಲ. ಆದ್ರ ನಿನ್ನ ಎರಡು ಖೋಲಿ ನಿನಗ ಇರ್ಲಿ. ನಾ ಯಾಕ ಮನಿ ಬಿಡ್ಲಿ? ಹೋಗಬೇಕಾದಾಂವ ಹೋಗ್ಯಾನ.

ಇನ್ನ ನಿನ್ನ ಸಾಲಿ ಮಾತು. ಮುಚ್ಚತಾಳಂತ! ಏನು ಮಾತಂತ ಆಡ್ತಿ? ಮುಚ್ಚಿದ್ರ ಬಾದಾಮ್ಯಾಗ ನಾ ತಗೀತೇನಿ ನೋಡು, ನಿನ್ನ ಮಂದೀನೆಲ್ಲಾ ಇಲ್ಲಿಗೆ ಕರಸ್ಕೋತೇನಿ, ಸಾವಂತ್ರವ್ವನಿಂದ ಹಿಡದು. ಹದಿನೈದನೇ ತಾರೀಕು ಭಾನುವಾರ ಹಿರಿಯರು ಬರಾಂಗಿಲ್ಲ, ನಾ ಬರ್ತೇನಿ. ಚಿಗರಿನ್ನ ಬಸ್ಸಿನ್ಯಾಗ ಬಿಡೂದಿಲ್ಲ, ಕಾಯಿಪಲ್ಲೆ ಟೆಂಪೋದವಗ ಹೇಳೇನಿ, ಹಿಂದ ಬದನಿಕಾಯಿ ಚೀಲದ ನಡುವ ಕುಂತು ಬರ್ತೇವಿ. ಎಲ್ಲಾರನ್ನೂ ನಿಂದರಿಸಿರು. ಮನಿಮಂದಿ ಎಲ್ಲಾರ ಮಾತೂ ನಾಯಿ ಕೇಳಬೇಕು ಅಂತ ಬರದಿದ್ದಿಯಲ್ಲ ನನಗ, ಆ ನಿಯಮ ಹೊಡದು ಹಾಕು. ಯಾರ ಮಾತು ಕೇಳಬಾರದು ಅನ್ನೂದನ್ನ ಅವತ್ತ ನಾ ಕಲಸ್ತೇನಿ, ನೀನೂ ಸಾಲಿನ್ಯಾಗ ನಿಂತು ಕಲಿ.

ಸುನಂದಾ